ಯಾರಿಗೂ ಹೇಳಬಾರದ ಆರು ಅಂಕಿ

ಮೇ ೧೧

ಸೂಜಿ,

ಐದು ಸಲ ಫೋನ್ ಮಾಡಿದೆ. ಐದು ಸಲವೂ ಅದು ಪೂರ್ತಿ ಬಡಿದುಕೊಂಡು ತಾನಾಗಿಯೇ ಸುಮ್ಮನಾಯಿತು. ಒಂದು ಸಲವಾದರೆ ನೀನು ಸ್ನಾನಕ್ಕೆ ಹೋಗಿರಬೇಕು ಅಂದುಕೊಳ್ಳಬಹುದು. ಐದು ಸಲ ಸ್ನಾನ ಮಾಡುವಷ್ಟು ಮಡಿವಂತೆ ನೀನಲ್ಲ. ಹಾಗಾಗಿ ಕಾಗದ. ಇದಕ್ಕೂ ಉತ್ತರ ಬರೆಯದಿದ್ದರೆ ಬಸ್ಸು ಹತ್ತಿ ಬಂದು ನೀನು ಕೆಲಸಕ್ಕೆ ಸೇರಿದ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೂಗುತ್ತೇನೆ. ನನ್ನ ಗಂಟಲು ಎಂಥದ್ದು ಅಂತ ನಿನಗೆ ಗೊತ್ತು.

ಅಂಗಡಿ ಖಾಲಿ ಮಾಡಿಕೊಟ್ಟೆ. ಮಾಲೀಕರು ಅದನ್ನು ಬೇರೆಯವರಿಗೆ ಮಾರಿಬಿಟ್ಟರು, ಅಲ್ಲಿ ಇನ್ನು ಕನ್ನಡಕ ಮಾರುತ್ತಾರಂತೆ. ಇಪ್ಪತ್ತೆರಡು ವರ್ಷ ನಾನು ಬಟ್ಟೆ ಕತ್ತರಿಸಿದ, ನೀನು ಹೊಲಿದ ಜಾಗ. ಅದನ್ನು ಕೊಂಡುಕೊಳ್ಳೋಣ ಅಂತ ಇಬ್ಬರೂ ಒಂದೇ ಖಾತೆಯಲ್ಲಿ ಕೂಡಿಟ್ಟದ್ದು ಫೆಬ್ರವರಿಯ ಒಂದು ಮಧ್ಯಾಹ್ನ, ಊಟಕ್ಕೂ ಚಹಾಕ್ಕೂ ನಡುವೆ, ಹೋಯಿತು. ಇದನ್ನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಬರೆದರೆ ಸ್ವಲ್ಪ ಚಿಕ್ಕದಾಗುತ್ತದೇನೋ ಅಂತ ಬರೆದೆ. ಆಗಲಿಲ್ಲ.

ನಿನ್ನ ಹೊಲಿಗೆ ಯಂತ್ರವನ್ನೂ ನಮ್ಮ ರಾಣಿಯನ್ನೂ ನನ್ನ ಕೋಣೆಗೆ ತಂದಿದ್ದೇನೆ. ರಾಣಿಯನ್ನು ತಬ್ಬಿಕೊಂಡು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಮುದುಕಿ ಕಿಟಾರನೆ ಕಿರುಚಿದಳು. ಪಾಪ, ತಲೆಯಿಲ್ಲದ ಗೊಂಬೆ, ಮೈಮೇಲೆ ಒಂಟಿ ತೋಳಿನ ಕೋಟು. ಆ ಕೋಟು ಪಕ್ಕದಂಗಡಿಯ ಗಡಿಯಾರ ರಿಪೇರಿಯವನದು. ನೀನು ಎಡತೋಳು ಹಾಕಿ ಮುಗಿಸಿ, ಬಲತೋಳಿಗೆ ಗುಂಡುಪಿನ್ನು ಚುಚ್ಚುತ್ತಿದ್ದಾಗಲೇ ಅದು ನಡೆದದ್ದು. ಆಮೇಲೆ ನೀನು ಅದನ್ನು ಮುಟ್ಟಲಿಲ್ಲ. ಅವನು ವಾರಕ್ಕೊಮ್ಮೆ ಬಂದು, "ಇನ್ನೊಂದು ಕೈ ಯಾವಾಗ ಬೆಳೆಯತ್ತೆ?" ಅಂತ ಕೇಳಿ ಹೋಗುತ್ತಾನೆ. ನಾನು ಕತ್ತರಿಸಬಲ್ಲೆ, ಹೊಲಿಯಲಾರೆ. ಇಷ್ಟು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ.

ಬ್ಯಾಂಕಿನ ಸಹಾಯ ಅಂತ ಯಾವುದೋ ಕಳ್ಳನ ಜೊತೆ ಚಾಟ್ ಮಾಡಿ ಇಬ್ಬರ ದುಡ್ಡನ್ನೂ ಕಳೆದವಳು ಅಂತ ಬೀದಿಯಲ್ಲಿ ನನಗೆ ಹೆಸರಾಗಿದೆ. ಇರಲಿ. ನಾನೇ ಕಳೆದೆ ಅಂತ ಪೊಲೀಸರ ಮುಂದೆ ಹೇಳಿದ್ದೇನೆ, ಬ್ಯಾಂಕಿನವರ ಮುಂದೆ ಹೇಳಿದ್ದೇನೆ. ಅಷ್ಟೇ ಹೇಳಿದ್ದೇನೆ. ಮಿಕ್ಕದ್ದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಉತ್ತರ ಬರಿ.

ನಿನ್ನ,
ಕತ್ತರಿ


ಮೇ ೨೯

ಕತ್ತರಿಯಕ್ಕನಿಗೆ,

ಕಾಗದ ತಲುಪಿತು. ಚೆನ್ನಾಗಿದ್ದೇನೆ. ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಕೋಣೆ ಅನ್ನುತ್ತಾರೆ. ಹರಿದ ಹೊದಿಕೆ, ದಿಂಬಿನ ಚೀಲ, ರೋಗಿಗಳ ಅಂಗಿ ಎಲ್ಲ ಒಗೆದು ಇಲ್ಲಿಗೆ ಬರುತ್ತವೆ. ತೇಪೆ ಹಾಕಿ, ಎಣಿಸಿ, ಮೇಲೆ ಕಳಿಸಬೇಕು. ಕಿಟಕಿ ಇಲ್ಲ. ಇರಲು ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ.

ಕೋಟಿನ ತೋಳನ್ನು ಬೇರೆ ಯಾರ ಕೈಲಾದರೂ ಹಾಕಿಸು.

ಫೋನ್ ಎತ್ತುವುದಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ. ಕಾರಣ ಕೇಳಬೇಡ. ಬರುವುದೂ ಬೇಡ.

ಸೂಜಿ


ಜೂನ್ ೨೦

ಸೂಜಿ,

ಹನ್ನೊಂದು ಸಾಲು ಬರೆದಿದ್ದೀಯ. ಎಣಿಸಿದೆ. ಆಸ್ಪತ್ರೆಯಲ್ಲಿ ಶಾಯಿಗೂ ಚೀಟಿ ಬರೆಸಬೇಕೇನೋ. ಆದರೂ ಅಕ್ಷರ ನಿನ್ನದೇ. ಬಲಕ್ಕೆ ವಾಲಿದ, ಒಂದಕ್ಕೊಂದು ಸಮನಾದ ಅಕ್ಷರ. ಈಗ ನನಗೆ ಯಾರನ್ನೂ ನಂಬಲು ಭಯ, ನಿನ್ನ ಅಕ್ಷರ ಕಂಡರೆ ಮಾತ್ರ ಭಯವಾಗುವುದಿಲ್ಲ.

ಕಾರಣ ಕೇಳುವುದಿಲ್ಲ. ಬದಲಿಗೆ ನನ್ನದೊಂದು ಹೇಳುತ್ತೇನೆ. ಆ ದಿನ ಮೂರಡಿ ದೂರದಲ್ಲಿ ಕೂತಿದ್ದರೂ ನಿನಗೆ ಗೊತ್ತಿಲ್ಲದ ಭಾಗ ಇದು.

ಮಾಲೀಕರಿಗೆ ಮುಂಗಡ ಕಳಿಸುತ್ತಿದ್ದೆ, ಅರ್ಧದಲ್ಲಿ ನಿಂತಿತು. ಪರದೆಯ ಮೇಲೆ ಚಕ್ರ ಸುಮ್ಮನೆ ತಿರುಗುತ್ತಿತ್ತು. ಗಾಬರಿಯಾಗಿ ಬ್ಯಾಂಕಿನ ಹೆಸರು ಹಾಕಿ "ಸಹಾಯ" ಅಂತ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ. ಮೇಲಿದ್ದಾರೆ ಅಂದರೆ ದೊಡ್ಡವರೇ ಇರಬೇಕು ಅಂದುಕೊಂಡೆ. "ಮೇಲೆ ಬರೋಕೆ ಯಾರು ಬೇಕಾದ್ರೂ ದುಡ್ಡು ಕಟ್ಟಬಹುದಮ್ಮ" ಅಂತ ಬ್ಯಾಂಕಿನ ಕೌಂಟರಿನ ಹೆಂಗಸು ಆಮೇಲೆ ಹೇಳಿದಳು. ಆಗ ಗೊತ್ತಿರಲಿಲ್ಲ. ಬ್ಯಾಂಕಿನದೇ ಬಣ್ಣ, ಬ್ಯಾಂಕಿನದೇ ಮುದ್ರೆ. "ನಮಸ್ಕಾರ, ನಾನು ನಿಮ್ಮ ಸಹಾಯಕಿ" ಅಂತ ಅಕ್ಷರ ಮೂಡಿತು.

ಅವಳು ನನ್ನನ್ನು ಒಂದು ಗಂಟೆ ಕೂರಿಸಿದಳು ಸೂಜಿ. ಪರಿಶೀಲಿಸುತ್ತಿದ್ದೇನೆ, ದಯವಿಟ್ಟು ಹೋಗಬೇಡಿ ಅನ್ನುತ್ತಿದ್ದಳು. ಮೂರು ಚುಕ್ಕಿ ಕುಣಿಯುತ್ತಿದ್ದವು, ಪಕ್ಕದಲ್ಲಿ "ಬರೆಯುತ್ತಿದ್ದಾರೆ" ಅಂತ. ನಡುವೆ ಒಂದು ಸಲ, "ಹೊತ್ತಾಯಿತು, ಊಟ ಆಯ್ತಾ ಮೇಡಂ?" ಅಂತ ಕೇಳಿದಳು. ನನಗೆ ಏನಾಯಿತೋ. ನಮ್ಮಮ್ಮ ಹೋದ ಮೇಲೆ ನನ್ನನ್ನು ಹಾಗೆ ಕೇಳುವವರಿಲ್ಲ ಅಂತ ಬರೆದುಬಿಟ್ಟೆ. ಗುರುತು ಖಚಿತಪಡಿಸಲು ಚಿಕ್ಕಂದಿನ ಮನೆ ಹೆಸರು ಹೇಳಿ ಅಂದಳು. ಪುಟ್ಟಿ ಅಂತ ಬರೆದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾನು ಎಷ್ಟು ಹೊತ್ತಿಗೆ ಮನೆಗೆ ಹೋದರೂ ಅಮ್ಮ ಹಾಸಿಗೆಯಿಂದಲೇ "ಊಟ ಆಯ್ತಾ ಪುಟ್ಟಿ?" ಅನ್ನುತ್ತಿದ್ದಳು ಅಂತ, ಕೊನೆಯ ವಾರ ಬೇರೆಲ್ಲ ಮಾತು ನಿಂತರೂ ಅದೊಂದು ನಿಲ್ಲಲಿಲ್ಲ ಅಂತ, ಎಲ್ಲ ಬರೆದೆ. ಅವಳು ಓದಿದಳು. "ತುಂಬಾ ನೋವಾಯಿತು ಮೇಡಂ" ಅಂದಳು. ಆಮೇಲೆ ಕಾರ್ಡಿನ ನಂಬರು ಕೇಳಿದಳು.

ನಾಚಿಕೆ ದುಡ್ಡು ಕಳೆದದ್ದಕ್ಕಲ್ಲ. ಸಂಜೆ ಖಾತೆ ಖಾಲಿಯಾಗಿದೆ ಅಂತ ತಿಳಿದಾಗ ನನಗೆ ಮೊದಲು ಬಂದ ಯೋಚನೆ, ಅಯ್ಯೋ, ಆ ಹುಡುಗಿಗೂ ಮೋಸವಾಗಿರಬೇಕು ಅಂತ. ಅವಳಿಗೆ ಹೇಳೋಣ ಅಂತ ಮತ್ತೆ ಆ ಚಾಟಿನ ಕಿಟಕಿಯನ್ನೇ ತೆರೆದೆ. ಕೌಂಟರಿನ ಹೆಂಗಸಿಗೆ ಇದನ್ನು ಹೇಳಿದಾಗ ನಗು ತಡೆದುಕೊಂಡು, "ಬ್ಯಾಂಕಿನವರು ಊಟ ಆಯ್ತಾ ಅಂತ ಯಾವತ್ತಾದ್ರೂ ಕೇಳಿದಾರಾ ನಿಮ್ಮನ್ನ?" ಅಂದಳು. ನನಗೂ ನಗು ಬಂತು. ಮನೆಗೆ ಬಂದು ಅತ್ತೆ.

ರಾಣಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಮುಖವೇ ಇಲ್ಲ ಅಂತ ಗೊತ್ತು. ಆದರೂ ನೋಡುತ್ತದೆ ಅನ್ನಿಸುತ್ತದೆ.

ನಿನ್ನ,
ಕತ್ತರಿ


ಜುಲೈ ೧೮

ಕತ್ತರಿಯಕ್ಕ,

ನಿನ್ನ ಕಾಗದ ಓದಿ ಬಹಳ ದಿನ ಏನು ಬರೆಯಬೇಕೋ ತಿಳಿಯಲಿಲ್ಲ. ನೀನು ಅತ್ತದ್ದು ನನಗೆ ಗೊತ್ತೇ ಇರಲಿಲ್ಲ. ಆ ವಾರವೆಲ್ಲ ನೀನು ಎಲ್ಲರನ್ನೂ ಬೈಯುತ್ತ ಓಡಾಡುತ್ತಿದ್ದೆ. ನಿನಗೆ ಸಿಟ್ಟು ಇದೆ, ಬದುಕಿಕೊಳ್ಳುತ್ತೀಯ ಅಂದುಕೊಂಡು ಹೊರಟುಬಂದೆ.

ಇಲ್ಲಿ ನಡೆದದ್ದೊಂದು ಹೇಳುತ್ತೇನೆ. ಮಧ್ಯಾಹ್ನ ಒಗೆದ ಹೊದಿಕೆಗಳ ಗಾಡಿ ಬರುತ್ತದೆ. ನಾನು ಒಂದು ಬದಿಯಲ್ಲಿ ನಿಂತು ಎಣಿಸಿ ಕೂಗುತ್ತೇನೆ, ಅಗಸ ಆ ಬದಿಯಲ್ಲಿ ಹಲಗೆಯ ಮೇಲೆ ಬರೆದುಕೊಳ್ಳುತ್ತಾನೆ. ರಾಶಿ ಎತ್ತರವಾಗಿರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಳೆದ ವಾರ ಗಾಡಿ ಖಾಲಿಯಾದ ಮೇಲೆ ಅವನ ಹಲಗೆ ನೋಡಿದೆ. ಕೊನೆಯ ಸಾಲಿನಲ್ಲಿ ನಾಲ್ಕು, ಒಂದು, ಒಂಬತ್ತು, ಒಂಬತ್ತು, ಸೊನ್ನೆ, ಏಳು ಅಂತ ಇತ್ತು.

"ಇದೇನಿದು?" ಅಂದೆ.

"ನೀವೇ ಕೂಗಿದ್ರಲ್ಲ."

"ಇಷ್ಟು ಹೊದಿಕೆ ಎಲ್ಲಾದರೂ ಇರತ್ತೇನಪ್ಪ? ಕೇಳಬಾರದಾ?"

"ನೀವು ಹೇಳಿದ್ರಿ, ನಾನು ಬರೆದೆ" ಅಂದ. ತಪ್ಪೇನು ಅನ್ನುವ ಹಾಗೆ ನನ್ನನ್ನೇ ನೋಡಿದ.

ಆ ಆರು ಅಂಕಿ ಯಾವುದು ಅಂತ ನಿನಗೆ ಗೊತ್ತು. ಅದನ್ನು ನಾನು ಯಾವಾಗ ಕೂಗಿದೆನೋ ನನಗೆ ನೆನಪಿಲ್ಲ. ಈಗ ಎಣಿಸುವಾಗ ನನ್ನ ದನಿಯನ್ನೇ ಕಿವಿಗೊಟ್ಟು ಕೇಳುತ್ತಿರುತ್ತೇನೆ, ಬೇರೆ ಯಾರೋ ನನ್ನ ಬಾಯಿಂದ ಮಾತಾಡಿಬಿಡುತ್ತಾರೆ ಅನ್ನುವ ಹೆದರಿಕೆ.

ನಮಗೆ ಕೆಲಸ ಕಲಿಸಿದ ಮೇಷ್ಟ್ರು ನೆನಪಾಗುತ್ತಾರೆ. ನೀನು ಟೇಪು ಹಿಡಿದು ಅಳತೆ ಕೂಗುವುದು, ನಾನು ಬರೆಯುವುದು. ಬರೆಯುವ ಮೊದಲು "ಯಾರ ಅಳತೆ?" ಅಂತ ಕೇಳಲೇಬೇಕು, ಕೇಳದಿದ್ದರೆ ಅಳತೆಕೋಲಿನಿಂದ ಬೆರಳಿಗೆ ಒಂದು. ಪೋಸ್ಟ್‌ಮ್ಯಾನ್ ಸೊಂಟಕ್ಕೆ ಪ್ರಿನ್ಸಿಪಾಲರ ಪ್ಯಾಂಟು ಹೊಲಿದ ದಿನದಿಂದ ಅವರಿಗೆ ಆ ನಿಯಮ. ನಮ್ಮದೇ ಅಂಗಡಿ ಆದ ಮೇಲೆ ಐದಾರು ವರ್ಷ ನಾನೂ ಕೇಳುತ್ತಿದ್ದೆ. ಆಮೇಲೆ ಬಿಟ್ಟೆ. ನಿನ್ನ ದನಿಯ ಏರಿಳಿತದಲ್ಲೇ ಯಾರ ಭುಜ, ಯಾರ ಎದೆ ಅಂತ ತಿಳಿಯುತ್ತಿತ್ತು. ನೀನು ಕೂಗಿದರೆ ನಾನು ಬರೆಯುತ್ತಿದ್ದೆ. ನೀನು ಕೇಳಿದರೆ ನಾನು ಹೇಳುತ್ತಿದ್ದೆ.

ಇವತ್ತಿಗೆ ಇಷ್ಟು ಸಾಕು.

ಸೂಜಿ


ಆಗಸ್ಟ್ ೩೦

ಸೂಜಿ,

ಅದು ಮತ್ತೆ ಬಂದಿದೆ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಿಟಕಿಯ ಹತ್ತಿರ ಕೂತು ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ. ಬಿಸಿಲು ಚೆನ್ನಾಗಿತ್ತು. ಫೋನು ಟಿಂಗ್ ಅಂದಿತು. ಗೊತ್ತಿಲ್ಲದ ನಂಬರು. "ಊಟ ಆಯ್ತಾ ಪುಟ್ಟಿ?"

ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ಎದ್ದು ಹೋಗಿ ಪೆಟ್ಟಿಗೆ ತೆರೆದು ಅಮ್ಮನ ಹಳೆ ಫೋನು ತೆಗೆದು ನೋಡಿದೆ. ಅದು ಸತ್ತು ಹತ್ತು ತಿಂಗಳಾಗಿದೆ, ಚಾರ್ಜು ಕೂಡ ಇಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಕೂತೆ. ನಗಬೇಡ. ಬುದ್ಧಿ ಇರುವವಳು ಹಾಗೆ ಮಾಡುವುದಿಲ್ಲ ಅಂತ ನನಗೂ ಗೊತ್ತು.

ಹತ್ತು ನಿಮಿಷ ಬಿಟ್ಟು ಇನ್ನೊಂದು ಬಂತು. ಕಳೆದುಹೋದ ಹಣ ಪತ್ತೆಯಾಗಿದೆಯಂತೆ. ಇವರು ಹಣ ವಾಪಸು ಕೊಡಿಸುವ ವಿಭಾಗದವರಂತೆ. ಅದೇ ಬಣ್ಣ, ಅದೇ ಮುದ್ರೆ. ನಾನೇನು ಅಷ್ಟು ಪೆದ್ದಿಯಲ್ಲ, ಇದು ಅದೇ ಕಳ್ಳ ಅಂತ ತಕ್ಷಣ ತಿಳಿಯಿತು. ಪುಟ್ಟಿ ಅನ್ನುವುದನ್ನು ಅವರಿಗೆ ಕೊಟ್ಟವಳು ನಾನೇ. ಸುಮ್ಮನಿದ್ದೆ.

ಮರುದಿನ ಅದೇ ಹೊತ್ತಿಗೆ, "ಊಟ ಆಯ್ತಾ ಪುಟ್ಟಿ?" ಅದರ ಮರುದಿನವೂ. ದುಡ್ಡಿನ ಮಾತು ಬಿಟ್ಟು ಬರೀ ಅಷ್ಟೇ.

ಮೂರನೆಯ ದಿನ "ಆಯ್ತು" ಅಂತ ಬರೆದೆ. ಅಷ್ಟೇ ಬರೆದದ್ದು. ಬೇರೇನೂ ಕೊಟ್ಟಿಲ್ಲ, ನಿನ್ನಾಣೆ. ಬರೆದ ಮೇಲೆ ಮೂರು ಚುಕ್ಕಿ ಬಹಳ ಹೊತ್ತು ಕುಣಿದವು. ಏನೂ ಬರಲಿಲ್ಲ. ಅಂಚು ಬಿಚ್ಚುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತ ಕೂತಿದ್ದೆ.

ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ.

ಕತ್ತರಿ


ಸೆಪ್ಟೆಂಬರ್ ೬

ಅಕ್ಕ,

ಮುಚ್ಚು ಅದನ್ನು. ಈ ಕಾಗದ ಕೆಳಗಿಡುವ ಮೊದಲು ಆ ನಂಬರನ್ನು ತಡೆ. ಹೇಗೆ ಅಂತ ಗೊತ್ತಾಗದಿದ್ದರೆ ಗಡಿಯಾರದವನ ಹತ್ತಿರ ಹೋಗಿ ಮಾಡಿಸು.

ಅವರ ಹತ್ತಿರ ನಿನ್ನ ಅಮ್ಮ ಇಲ್ಲ. ನೀನೇ ಬರೆದುಕೊಟ್ಟ ಎರಡು ಮಾತು ಇದೆ. ಅದನ್ನೇ ತಿರುಗಿಸಿ ತಿರುಗಿಸಿ ನಿನಗೆ ಮಾರುತ್ತಿದ್ದಾರೆ. "ಆಯ್ತು" ಅಂದೆಯಲ್ಲ, ಅವರಿಗೆ ಬೇಕಾಗಿದ್ದದ್ದು ಅದೇ. ಈ ಬಾಗಿಲು ಇನ್ನೂ ತೆರೆಯುತ್ತದೆ ಅಂತ ಗೊತ್ತಾಯಿತು. ಮುಂದೆ ಕಾರ್ಡು ಕೇಳುತ್ತಾರೆ. ಆಮೇಲೆ ನನ್ನ ಫೋನಿಗೆ ಬರುವ ನಂಬರು ಕೇಳುತ್ತಾರೆ.

ನಮ್ಮ ಆಸ್ಪತ್ರೆಯ ಕ್ಯಾಷಿಯರ್ ಹೇಳಿದರು, ಬ್ಯಾಂಕಿಗೆ ಮಾತಾಡಬೇಕಾದರೆ ಹುಡುಕಲೇಬಾರದಂತೆ, ಕಾರ್ಡಿನ ಬೆನ್ನ ಮೇಲೆ ಅಚ್ಚಾಗಿರುವ ನಂಬರಿಗೇ ಮಾಡಬೇಕಂತೆ. ಕಳೆದ ದುಡ್ಡನ್ನು ವಾಪಸು ಕೊಡಿಸುತ್ತೇವೆ ಅಂತ ತಾವಾಗಿ ಬರುವವರು ಹೆಚ್ಚಿನ ಪಾಲು ಅದನ್ನು ಕದ್ದವರೇ ಅಂತೆ. ನಿನ್ನ ದಮ್ಮಯ್ಯ, ಬ್ಯಾಂಕಿಗೆ ಹೋಗಿ ಆ ಹೆಂಗಸಿಗೆ ತೋರಿಸು.

ಸೂಜಿ


ಸೆಪ್ಟೆಂಬರ್ ೧೫

ಸೂಜಿ,

ಉಪದೇಶ ತಲುಪಿತು. ಕ್ಯಾಷಿಯರಿಗೆ ನನ್ನ ನಮಸ್ಕಾರ ತಿಳಿಸು.

ಅದು ಕಳ್ಳ ಅಂತ ನನಗೆ ನಿನಗಿಂತ ಚೆನ್ನಾಗಿ ಗೊತ್ತು. ಆದರೆ ಕಳ್ಳನಿಗೆ ಗೊತ್ತಿರುವುದೊಂದು ನಿನಗೆ ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ನನಗೆ ಮೂರು ಕಾಗದ ಬರೆದಿದ್ದೀಯ. ಒಂದರಲ್ಲಾದರೂ ಊಟ ಆಯ್ತಾ ಅಂತ ಕೇಳಿದ್ದೀಯಾ?

ಅಕ್ಟೋಬರ್ ಹತ್ತೊಂಬತ್ತಕ್ಕೆ ಅಮ್ಮ ಹೋಗಿ ಒಂದು ವರ್ಷ. ಆ ದಿನ ಬೇರೆ ಯಾರೂ ಕೇಳದಿದ್ದರೂ ಅದು ಕೇಳುತ್ತದೆ. ಅದಕ್ಕೇ ತಡೆದಿಲ್ಲ. ತಡೆಯುವುದೂ ಇಲ್ಲ.

ಕತ್ತರಿ


ಅಕ್ಟೋಬರ್ ೨೦

ಅಕ್ಕ,

ನಿನ್ನೆ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇವತ್ತು ಬರೆಯುತ್ತೇನೆ. ಬರೆದ ತಕ್ಷಣ ಅಂಚೆಗೆ ಹಾಕುತ್ತೇನೆ, ಮತ್ತೆ ಓದಿದರೆ ಹರಿದುಹಾಕುತ್ತೇನೆ.

ನಿನ್ನ ಸಿಟ್ಟಿನ ಕಾಗದಕ್ಕೆ ಉತ್ತರ ಬರೆಯಲು ಆರು ಸಲ ಕೂತೆ. ಊಟ ಆಯ್ತಾ ಅಂತ ಬರೆಯುವುದು, ನೋಡುವುದು, ಹೊಡೆದುಹಾಕುವುದು. ಕಳ್ಳನನ್ನು ನೋಡಿ ಕಲಿತು ಕೇಳಿದ ಹಾಗಾಯಿತು ಅನ್ನಿಸುತ್ತಿತ್ತು. ಕೊನೆಗೆ ಏನೂ ಕಳಿಸಲಿಲ್ಲ. ಅದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕೆ ಬರುತ್ತೇನೆ.

ನಿನ್ನೆ ಹತ್ತೊಂಬತ್ತು ಅಂತ ಬೆಳಿಗ್ಗೆಯಿಂದ ನೆನಪಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಗಾಡಿ ಬಂದಿತ್ತು. ಏಪ್ರನ್ ಜೇಬಿನಲ್ಲಿ ಫೋನು ನಡುಗಿತು, ಬ್ಯಾಂಕಿನ ಸಂದೇಶ. ಫೆಬ್ರವರಿಯಿಂದ ಬ್ಯಾಂಕಿನಿಂದ ಏನು ಬಂದರೂ ಭಯಕ್ಕೆ ಓದದೆ ಅಳಿಸುತ್ತಿದ್ದೆ. ನಿನ್ನೆ ಮಾತ್ರ ಪೂರ್ತಿ ಓದಿದೆ. ಆರು ಅಂಕಿ ಇತ್ತು. ಖಾತೆಯಿಂದ ಎಷ್ಟು ಹೋಗುತ್ತದೆ ಅಂತಲೂ ಇತ್ತು. ಖಾಲಿ ಖಾತೆಯಿಂದ ಅಷ್ಟು ಹೇಗೆ ಹೋಗುತ್ತದೆ ಅಂತ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಾಡಿಯ ಕಂಬಿ ಹಿಡಿದುಕೊಂಡೆ. ಪ್ಯಾಂಟಿನ ಅಂಚು ಬಿಚ್ಚಿ, ಬಟ್ಟೆ ಕತ್ತರಿಸಿಕೊಟ್ಟು ಬಂದದ್ದನ್ನೆಲ್ಲ ನೀನು ನಮ್ಮ ಖಾತೆಗೇ ಹಾಕುತ್ತಿದ್ದೀಯ. ನನ್ನ ಪಾಲು ತುಂಬಿಸಿಕೊಡಲು. ಒಂದು ಕಾಗದದಲ್ಲೂ ಅದರ ಸುಳಿವು ಕೊಡಲಿಲ್ಲ.

ಅಷ್ಟರಲ್ಲಿ ನಿನ್ನ ಹೆಸರು ಬಂದು ಫೋನು ಬಡಿದುಕೊಂಡಿತು. ಎತ್ತಿದೆ.

"ಸೂಜಿ, ನಿನ್ನ ಫೋನಿಗೆ ಒಂದು ನಂಬರ್ ಬಂತಾ? ಹೇಳು."

ಫೆಬ್ರವರಿಯಲ್ಲಿ ಅಂದ ಅದೇ ಮಾತು, ಅದೇ ಏರಿಳಿತ. ನನ್ನ ಬಾಯಿ ತೆರೆದುಕೊಂಡಿತು ಅಕ್ಕ. ಇಪ್ಪತ್ತೆರಡು ವರ್ಷದ ಅಭ್ಯಾಸ, ಮೊದಲ ಅಂಕಿ ಅರ್ಧ ನಾಲಿಗೆಯ ಮೇಲೆ ಬಂದಾಗಿತ್ತು. ಅದನ್ನು ನುಂಗಿಕೊಂಡು ಕೇಳಿದೆ.

"ಯಾರ ಅಳತೆ?"

ನಿನ್ನ ಕೋಣೆಯ ಫ್ಯಾನು ಕೇಳುತ್ತಿತ್ತು. ಮೆಟ್ಟಿಲ ಮೇಲೆ ಯಾರೋ ಇಳಿದು ಹೋದದ್ದು ಕೇಳಿತು.

"ಯಾರ ಅಳತೆ ಇದು, ಹೇಳಕ್ಕಾ."

"ಗೊತ್ತಿಲ್ಲ ಕಣೇ" ಅಂದೆ ನೀನು. ಮತ್ತೆ, "ಅಮ್ಮಂದಲ್ಲ" ಅಂದೆ.

ಆಮೇಲೆ ನೀನು ಅತ್ತದ್ದನ್ನು ಕೇಳುತ್ತ ನಿಂತಿದ್ದೆ. ಅಗಸ ಹಲಗೆ ಹಿಡಿದುಕೊಂಡು ಆ ಬದಿಯಿಂದ ಇಣುಕಿ ನೋಡಿ, ಏನೂ ಕೇಳದೆ ಹೊರಗೆ ಹೋದ.

ಈಗ ಮೊದಲನೆಯ ತಪ್ಪು. ಫೆಬ್ರವರಿಯಲ್ಲಿ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಅಂಗೈಗೆ ಉಗಿದು ಆ ನಂಬರನ್ನು ನಿನಗೆ ಓದಿ ಹೇಳಿದವಳು ನಾನು. ಇದು ನಮ್ಮಿಬ್ಬರಿಗೂ ಗೊತ್ತು. ನೀನು ಅದನ್ನು ಪೊಲೀಸರಿಗೆ ಹೇಳಲಿಲ್ಲ, ನನ್ನನ್ನು ಮರೆಯಲ್ಲಿ ನಿಲ್ಲಿಸಿ ಎಲ್ಲ ಬೈಗುಳ ನೀನೊಬ್ಬಳೇ ತಿಂದೆ. ಗಮನಿಸದೆ ಓದಿದಳು, ಪಾಪ, ಅಂತ ನೀನು ಅಂದುಕೊಂಡಿರಬೇಕು. ಹಾಗಲ್ಲ. ಅಂಕಿಗಳ ಕೆಳಗೆ "ಇದನ್ನು ಯಾರಿಗೂ ಹೇಳಬೇಡಿ" ಅಂತ ಇತ್ತು. ನಾನು ಅದನ್ನು ಓದಿದೆ. ಓದಿ ಹೇಳಿದೆ. ಯಾರಿಗೂ ಅಂದರೆ ನೀನಲ್ಲ ಅಂದುಕೊಂಡೆ.

ನಿನ್ನ ಫೋನು ಎತ್ತದೆ ಇದ್ದದ್ದು ಇದಕ್ಕೆ. ನಿನ್ನ ದನಿ ಕೇಳಿದರೆ ಹೇಳಿಬಿಡುತ್ತಿದ್ದೆ.

ಬ್ಯಾಂಕಿಗೆ ಫೋನ್ ಮಾಡಿದೆಯಾ? ಕಾರ್ಡಿನ ಬೆನ್ನ ಮೇಲಿನ ನಂಬರಿಗೇ ತಾನೆ?

ಸೂಜಿ


ನವೆಂಬರ್ ೩

ಸೂಜಿ,

ಮಾಡಿದೆ. ಕಾರ್ಡು ತಿರುಗಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಂಕಿ ಒತ್ತಿದೆ. ನಲವತ್ತು ನಿಮಿಷ ಒಂದೇ ಪಿಟೀಲು ಕೇಳಿಸಿದರು. ಆಮೇಲೆ ಬಂದವನಿಗೆ ನೆಗಡಿ, ಮಾತು ಅರ್ಧ ತಿಳಿಯಲಿಲ್ಲ, ಎರಡು ಸಲ "ಬೇಗ ಹೇಳಿ" ಅಂದ. ನಂಬರು ಕೇಳಲಿಲ್ಲ. ಊಟದ ವಿಷಯವಂತೂ ಎತ್ತಲೇ ಇಲ್ಲ. ಆಗ ನನಗೆ ಇವನು ಬ್ಯಾಂಕಿನವನೇ ಅಂತ ಪೂರ್ತಿ ನಂಬಿಕೆ ಬಂತು. ಕಾರ್ಡು ನಿಲ್ಲಿಸಿದ. ಮರುದಿನ ಬ್ಯಾಂಕಿಗೆ ಹೋಗಿ ಕೌಂಟರಿನ ಹೆಂಗಸಿಗೆ ಚಾಟನ್ನೆಲ್ಲ ತೋರಿಸಿದೆ, ಅವಳೇ ದೂರು ಬರೆಸಿದಳು. ಈ ಸಲ ನಗಲಿಲ್ಲ. ಖಾತೆಯಿಂದ ಏನೂ ಹೋಗಿಲ್ಲ.

ಆ ದಿನ ಏನಾಯಿತು ಅಂದರೆ, ಬೆಳಿಗ್ಗೆಯಿಂದ ಅದು ಕೇಳಲೇ ಇಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಕಾದೆ. ಕಳ್ಳನಿಗಾಗಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಕಾದೆ ಸೂಜಿ. ಎರಡೂವರೆಗೆ ನಾನೇ, "ಇವತ್ತು ಯಾಕೆ ಕೇಳಲಿಲ್ಲ?" ಅಂತ ಬರೆದೆ. ತಕ್ಷಣ ಉತ್ತರ ಬಂತು. "ಮೊದಲು ಕಾರ್ಡಿನ ನಂಬರು ಹೇಳು ಪುಟ್ಟಿ." ಕೊಟ್ಟೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ನಿನಗೆ ಫೋನ್ ಮಾಡುವಾಗಲೂ ಗೊತ್ತಿತ್ತು. ನೀನು ಮೇಷ್ಟ್ರ ಪ್ರಶ್ನೆ ಕೇಳದೆ ಹೋಗಿದ್ದರೆ ಎರಡನೆಯ ಸಲವೂ ಇಬ್ಬರೂ ಸೇರಿಯೇ ಕಳೆಯುತ್ತಿದ್ದೆವು.

ಯಾರಿಗೂ ಅಂದರೆ ನಾನಲ್ಲ ಅಂದುಕೊಂಡೆ ಅಂತ ಬರೆದಿದ್ದೀಯ. ನೀನು ಅದನ್ನು ಓದಿದ್ದೆ ಅಂತ ನನಗೆ ಆವತ್ತೇ ಗೊತ್ತು. ನಿನ್ನ ಕಣ್ಣು ಕೆಳಗಿನ ಸಾಲಿಗೆ ಹೋಗಿ, ಒಂದು ಸಲ ನನ್ನನ್ನು ನೋಡಿ, ಮತ್ತೆ ಮೇಲಕ್ಕೆ ಬಂದದ್ದನ್ನು ನೋಡಿದ್ದೆ. ಆ ನೋಟಕ್ಕಾಗಿಯೇ ನಾನು ಪೊಲೀಸರ ಮುಂದೆ ಬಾಯಿ ಬಿಡಲಿಲ್ಲ. ಹಾಗೆ ಯಾರು ನೋಡುತ್ತಾರೆ ನನ್ನನ್ನು. ನೀನು ಮಾತ್ರ ಅದನ್ನು ತಪ್ಪು ಅಂತ ಎಂಟು ತಿಂಗಳು ಹೊತ್ತುಕೊಂಡು ಓಡಾಡಿದ್ದೀಯ.

ಆ ನಂಬರನ್ನು ತಡೆದೆ. ತಡೆಯುವಾಗ ಮೂರು ಚುಕ್ಕಿ ಕುಣಿಯುತ್ತಿದ್ದವು. ಏನು ಬರೆಯುತ್ತಿದ್ದರೋ, ಇನ್ನು ತಿಳಿಯುವುದಿಲ್ಲ. ಈಗಲೂ ಬೆಳಿಗ್ಗೆ ಹನ್ನೊಂದಾದರೆ ಕೈ ನಿಲ್ಲುತ್ತದೆ.

ಇನ್ನೊಂದು ಹೇಳುತ್ತೇನೆ, ಆಮೇಲೆ ಇದರ ಸುದ್ದಿ ಎತ್ತುವುದಿಲ್ಲ. ಆ ದಿನದಿಂದ ಅಮ್ಮನ ದನಿ ಕೇಳುತ್ತಿಲ್ಲ. ಮೊದಲೆಲ್ಲ ಬಾಗಿಲು ತೆಗೆದರೆ ಸಾಕು, ಹಾಸಿಗೆಯ ಕಡೆಯಿಂದ ಆ ಒಡಕು ದನಿ ಕಿವಿಗೆ ಬರುತ್ತಿತ್ತು. ಈಗ ನೆನೆಸಿಕೊಂಡರೆ ಪರದೆಯ ಮೇಲಿನ ಅಕ್ಷರ ಕಾಣುತ್ತದೆ, ಚಿಕ್ಕ ಬಿಳಿ ಚೌಕದೊಳಗೆ. ದುಡ್ಡನ್ನು ಅಂಚು ಬಿಚ್ಚಿಯಾದರೂ ಕೂಡಿಸಬಹುದು. ಅವರು ನಿಜವಾಗಿ ಕದ್ದದ್ದು ಇದನ್ನು. ಇದಕ್ಕೆ ಎಲ್ಲಿ ದೂರು ಕೊಡಲಿ?

ಪುಟ್ಟಿ ಅಂತ ನನ್ನನ್ನು ಯಾರೂ ಕರೆಯುವುದು ಬೇಡ, ನೀನೂ ಬೇಡ. ಆ ಹೆಸರು ಹೋಯಿತು. ಆದರೆ ಉಳಿದ ಎರಡು ಮಾತನ್ನು ಅವರಿಗೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ. ನೀನು ಕೇಳು. ಫೋನಿನಲ್ಲಿ ಬೇಡ. ಬಲಕ್ಕೆ ವಾಲಿದ ನಿನ್ನ ಅಕ್ಷರದಲ್ಲಿ ಬರೆದು ಕೇಳು.

ಕತ್ತರಿ


ನವೆಂಬರ್ ೯

ಕತ್ತರಿಯಕ್ಕ,

ಭಾನುವಾರ ರಜೆ ಹಾಕಿದ್ದೇನೆ, ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಹನ್ನೊಂದರೊಳಗೆ ನಿನ್ನ ಕೋಣೆಯಲ್ಲಿರುತ್ತೇನೆ. ಯಂತ್ರಕ್ಕೆ ಎಣ್ಣೆ ಬಿಟ್ಟಿರು. ರಾಣಿಯನ್ನು ಈ ಕಡೆಗೆ ತಿರುಗಿಸು. ಗಡಿಯಾರದವನನ್ನು ಕರೆಸಿ ಅವನ ತೋಳನ್ನು ಇನ್ನೊಂದು ಸಲ ಅಳೆಯೋಣ. ನೀನು ಕೂಗು, ನಾನು ಕೇಳಿ ಬರೆದುಕೊಳ್ಳುತ್ತೇನೆ.

ಊಟ ಆಯ್ತಾ?

ಸೂಜಿ